ಟಿಟ್ಟಿಭದ ಮೊಟ್ಟೆಗೆ ಎಷ್ಟು ಎಕರೆ ಬೇಕು?

ಏಪ್ರಿಲ್‌ನಲ್ಲಿ ಬಯಲುಸೀಮೆಯ ಯಾವುದಾದರೂ ಗೋಮಾಳದಲ್ಲಿ ಹಳದಿ ಟಿಟ್ಟಿಭದ ಗೂಡು ನೋಡಿದವರಿಗೆ ಗೊತ್ತು, ಗೂಡು ಎನ್ನಲು ಅಲ್ಲಿ ಏನೂ ಇರುವುದಿಲ್ಲ. ಅಂಗೈ ಅಗಲದ ತಗ್ಗು, ಸುತ್ತ ಒಂದಷ್ಟು ಗರಸುಕಲ್ಲು, ಕೆಲವೊಮ್ಮೆ ಒಣಗಿದ ಆಡಿನ ಹಿಕ್ಕೆ, ನಡುವೆ ನಾಲ್ಕು ಮೊಟ್ಟೆ. ಮೊಟ್ಟೆಗಳ ಚೂಪು ತುದಿ ಒಳಮುಖ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡಡಿ ದೂರದಲ್ಲಿ ನಿಂತು ಹುಡುಕಿದರೂ ಕಣ್ಣು ಅದರ ಮೇಲಿಂದ ಜಾರಿ ಹೋಗುತ್ತದೆ.

ಮೊಟ್ಟೆ ಇಡಲು ಅಂಗೈಯಷ್ಟು ಜಾಗ ಸಾಕು. ಅದೇ ಮೊಟ್ಟೆ ಒಡೆದು ಮರಿ ಬದುಕಿ ಹಾರಲು ಎಷ್ಟು ಜಾಗ ಬೇಕು ಎಂದರೆ ಲೆಕ್ಕ ಎಕರೆಗೆ ಹೋಗುತ್ತದೆ. ಎರ್ಲಡ್ಡುವಿನಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ದೊಡ್ಡ ಹಕ್ಕಿಗಾದರೆ ಚದರ ಕಿಲೋಮೀಟರುಗಳಿಗೆ. ನಮ್ಮ ಹುಲ್ಲುಗಾವಲು ಸಂರಕ್ಷಣೆಯ ಮಾತುಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ. ಹುಲ್ಲು ಇದೆಯೋ ಇಲ್ಲವೋ ಅಂತ ನೋಡುತ್ತೇವೆ. ಹುಲ್ಲು ಎಷ್ಟೆತ್ತರ, ನಡುವೆ ಬರಿನೆಲ ಎಷ್ಟು, ಪಕ್ಕದಲ್ಲಿ ಏನಿದೆ, ಹತ್ತಿರದ ಮರ ಎಷ್ಟು ದೂರ, ಊರಿನ ಕಸ ಎಲ್ಲಿ ಸುರಿಯುತ್ತಾರೆ, ಇವನ್ನು ನೋಡುವುದಿಲ್ಲ.

ಒಂದೊಂದು ಹಕ್ಕಿಗೆ ಒಂದೊಂದು ಅಳತೆ

"ಹುಲ್ಲುಗಾವಲಿನ ಹಕ್ಕಿ" ಅಂತ ಒಂದೇ ಚೀಲಕ್ಕೆ ತುಂಬಿದರೆ ಏನೂ ಅರ್ಥವಾಗುವುದಿಲ್ಲ. ಹಳದಿ ಟಿಟ್ಟಿಭ ಮತ್ತು ಚಿಟವಕ್ಕೆ ಬೇಕಾದದ್ದು ಹೆಚ್ಚು ಕಡಿಮೆ ಬೋಳು ನೆಲ. ಕಣಕಾಲಿಗೂ ಬಾರದ ಹುಲ್ಲು, ನಡುನಡುವೆ ಗರಸು. ಕುಳಿತ ಹಕ್ಕಿಗೆ ಸುತ್ತಲೂ ದೂರದವರೆಗೆ ಕಾಣಬೇಕು. ಅದರ ಇಡೀ ಉಪಾಯ ನಿಂತಿರುವುದು ಕಾಣುವುದರ ಮೇಲೆ. ನರಿ ಇನ್ನೂ ದೂರ ಇರುವಾಗಲೇ ಮೆಲ್ಲನೆ ಎದ್ದು, ತಲೆ ತಗ್ಗಿಸಿ ನಡೆದು ಹೋಗಿ, ಬೇರೆಲ್ಲೋ ನಿಂತು ಕೂಗಿದರೆ ಮೊಟ್ಟೆ ಉಳಿಯುತ್ತದೆ. ಹುಲ್ಲು ಮೊಣಕಾಲುದ್ದ ಬೆಳೆದರೆ ಈ ಆಟ ನಡೆಯುವುದಿಲ್ಲ. ಅಪಾಯ ಹತ್ತಿರ ಬಂದ ಮೇಲೆ ಹಕ್ಕಿ ದಡಕ್ಕನೆ ಏಳುತ್ತದೆ, ಎದ್ದ ಜಾಗವೇ ಗೂಡಿನ ವಿಳಾಸವಾಗುತ್ತದೆ.

ನೆಲಗುಬ್ಬಿಯದು ನಡುವಿನ ದಾರಿ. ಮಣ್ಣಹೆಂಟೆಯ ಅಥವಾ ಸಣ್ಣ ಹುಲ್ಲುಬುಡದ ಮಗ್ಗುಲಲ್ಲಿ ತಗ್ಗು, ಒಳಗೆ ಮೆತ್ತಗಿನ ಹುಲ್ಲೆಳೆ, ಅಂಚಿಗೆ ಸಣ್ಣ ಕಲ್ಲುಗಳ ಕಟ್ಟೆ. ಎರಡೋ ಮೂರೋ ಮೊಟ್ಟೆ. ಗಂಡು ಹೆಣ್ಣು ಎರಡೂ ಕಾವು ಕೂರುತ್ತವೆ, ಸುಮಾರು 13–14 ದಿನ. ಪಿಪಿಳೀಕಕ್ಕೆ (ಪಿಪಿಟ್ ಹಕ್ಕಿ) ಇನ್ನೂ ಸ್ವಲ್ಪ ಮರೆ ಬೇಕು. ಹುಲ್ಲುಗಂಟಿಯ ಬುಡದಲ್ಲಿ ಬಟ್ಟಲಿನಂಥ ಗೂಡು, ಕೆಲವೊಮ್ಮೆ ಮೇಲೆ ಅರ್ಧ ಸೂರು. ಜರ್ಡನ್ ಬುಷ್‌ಲಾರ್ಕ್ ಕೂಡ ಗಂಟಿಯ ಬುಡವನ್ನೇ ಹುಡುಕುತ್ತದೆ. ಆದರೆ ಅದಕ್ಕೆ ಪಕ್ಕದಲ್ಲಿ ಒಂದು ಕುಳ್ಳ ಪೊದೆ ಬೇಕು. ಅದರ ತುದಿಯಿಂದ ಮೇಲಕ್ಕೆ ಚಿಮ್ಮಿ ಪ್ಯಾರಾಚೂಟಿನ ಹಾಗೆ ಇಳಿಯುತ್ತಾ ಹಾಡಿದರೇ ಹೆಣ್ಣು ಒಲಿಯುವುದು. ಅಲ್ಲಲ್ಲಿ ಒಂದು ತಂಗಡಿ ಗಿಡ ಸಾಕು, ತೋಪು ಬೇಡ.

ಇನ್ನೊಂದು ತುದಿಯಲ್ಲಿ ಜಿಟ್ಟಿಂಗ್ ಸಿಸ್ಟಿಕೋಲ. ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ, ಮಳೆಗಾಲದ ಕುಟುಂಬಸ್ಥ. ನಿಂತ ಹಸಿರು ಹುಲ್ಲಿನ ಎಲೆಗಳನ್ನು ಜೇಡರಬಲೆಯ ನೂಲಿನಿಂದ ಒಟ್ಟಿಗೆ ಸೆಳೆದು ಕಟ್ಟಿ, ಒಳಗೆ ಚೀಲದಂಥ ಗೂಡು ಮಾಡುತ್ತದೆ. ಬಾಯಿ ಮೇಲಕ್ಕೆ. ಹೊರಗಿನಿಂದ ನೋಡಿದರೆ ಹುಲ್ಲು ಹುಲ್ಲಿನಂತೆಯೇ ಕಾಣುತ್ತದೆ, ಒಳಗೆ ಬಿಳಿ ಹತ್ತಿಯಂಥ ಹಾಸು. ಎಲೆಗಳು ಜೀವಂತ ಇರಬೇಕು, ಬಾಗಬೇಕು, ಒತ್ತೊತ್ತಾಗಿ ಇರಬೇಕು. ಮೇದು ಬೋಳಾದ ನೆಲದಲ್ಲಿ ಇದು ಸಾಧ್ಯವೇ ಇಲ್ಲ. ಗೌಜಲಕ್ಕಿ, ಲಾವುಗೆ, ಬುರ್ಲಿಗಳೂ ಮರೆ ಕೇಳುವ ಗುಂಪಿನವು. ಗೌಜಲಕ್ಕಿ ಮುಳ್ಳುಪೊದೆಯ ಬುಡದಲ್ಲಿ ಆರೆಂಟು ಮೊಟ್ಟೆ ಇಟ್ಟು, ನೀವು ಕಾಲ ಬಳಿ ಬರುವ ತನಕ ಅಲುಗಾಡದೆ ಕುಳಿತಿರುತ್ತದೆ.

ಅಂದರೆ ಒಂದೇ ಗೋಮಾಳದಲ್ಲಿ ಬೋಳು ಗರಸು, ಗಿಡ್ಡ ಹುಲ್ಲು, ಗಂಟಿ ಹುಲ್ಲು, ಎತ್ತರದ ಕರಡ, ಅಲ್ಲಲ್ಲಿ ಕುಳ್ಳ ಪೊದೆ ಇವೆಲ್ಲ ತೇಪೆ ತೇಪೆಯಾಗಿ ಇರಬೇಕು. ಕೌದಿಯ ಹಾಗೆ. ಒಂದೇ ಎತ್ತರಕ್ಕೆ ಒಪ್ಪವಾಗಿ ಬೆಳೆದ ಹುಲ್ಲು ಫೋಟೋಗೆ ಚೆಂದ, ಅರ್ಧ ಹಕ್ಕಿಗಳಿಗೆ ಮಾತ್ರ ಮನೆ.

ಬಿಸಿಲಿನ ವಿಷಯ

ಮರೆ ಎಂದರೆ ಶತ್ರುವಿನಿಂದ ಮರೆ ಎಂದಷ್ಟೇ ಬರೆಯುವವರು ಹೆಚ್ಚು. ಬಯಲುಸೀಮೆಯ ಏಪ್ರಿಲ್–ಮೇ ತಿಂಗಳಲ್ಲಿ ದೊಡ್ಡ ಶತ್ರು ತಲೆಯ ಮೇಲಿರುತ್ತದೆ. ಗಾಳಿಯ ಉಷ್ಣತೆ 39 ಡಿಗ್ರಿ ಇದ್ದ ದಿನ ಬರಿಮಣ್ಣಿನ ಮೇಲ್ಮೈ ಮಧ್ಯಾಹ್ನ 50 ಡಿಗ್ರಿ ದಾಟುವುದು ಸಾಮಾನ್ಯ. ಮೊಟ್ಟೆಯೊಳಗಿನ ಭ್ರೂಣಕ್ಕೆ 40–41 ಡಿಗ್ರಿ ಮೇಲೆ ಹೆಚ್ಚು ಹೊತ್ತು ತಡೆಯಲಾಗುವುದಿಲ್ಲ. ಹಾಗಾಗಿ ಮಧ್ಯಾಹ್ನ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದಕ್ಕಿಂತ ನಿಲ್ಲುತ್ತದೆ, ರೆಕ್ಕೆ ಸಡಿಲಿಸಿ ಕೊಡೆ ಹಿಡಿದಂತೆ. ಕೆಂಪು ಟಿಟ್ಟಿಭ, ಹಳೇ ಮೈಸೂರಿನವರ ತೇನೆಹಕ್ಕಿ, ನೀರಿಗೆ ಹೋಗಿ ಎದೆಗರಿ ತೋಯಿಸಿಕೊಂಡು ಬಂದು ಮೊಟ್ಟೆಗೆ ತಂಪು ಕೊಡುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದು, ಗೂಡಿನಿಂದ ನೀರು ಎಷ್ಟು ದೂರ ಎನ್ನುವುದು ಗೂಡಿನ ಗುಣದ ಭಾಗ. ಕೆರೆ ಬತ್ತಿ, ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ ಜಾರುವ ಗೋಡೆ ಮಾಡಿದರೆ ಹಕ್ಕಿಗೆ ನೀರು ಕಾಣುತ್ತದೆ, ದಕ್ಕುವುದಿಲ್ಲ. ಕಲ್ಲುಗೌಜಲಿನ (ಸ್ಯಾಂಡ್‌ಗ್ರೌಸ್) ಗಂಡು ಹೊಟ್ಟೆಗರಿಗಳಲ್ಲಿ ನೀರು ಹೀರಿಸಿಕೊಂಡು ಮರಿಗಳಿಗೆ ಹೊತ್ತು ತರುತ್ತದೆ. ಅದಕ್ಕೆ ನಡೆದು ಇಳಿಯಬಹುದಾದ ಇಳಿಜಾರು ದಡವೇ ಬೇಕು. ಎರಡನೆಯದು, ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ ಗೂಡಿನ ಹತ್ತಿರ ಹೋಗಿ ಹಕ್ಕಿಯನ್ನು ಎಬ್ಬಿಸಬಾರದು. ಕ್ಯಾಮೆರಾ ಹಿಡಿದು ಹತ್ತು ನಿಮಿಷ ನಿಂತವರು ಏನನ್ನೂ ಮುಟ್ಟಿರುವುದಿಲ್ಲ, ಆದರೂ ಮೊಟ್ಟೆ ಬೆಂದಿರುತ್ತದೆ.

ಅಂಚಿನ ಗಣಿತ

ಇನ್ನು ದೊಡ್ಡ ಅಳತೆಗೆ ಬರೋಣ. ಗೂಡು ಕದಿಯುವವರು ಹುಲ್ಲಿನ ನಡುವೆ ಸಮವಾಗಿ ಹರಡಿಕೊಂಡಿಲ್ಲ. ಕಾಗೆ ಮರದ ಮೇಲೆ, ತಂತಿಯ ಮೇಲೆ ಕೂತು ನೋಡುತ್ತದೆ. ಮುಂಗುಸಿ ಬೇಲಿ, ಬದು, ಕಲ್ಲುಗುಡ್ಡೆಗಳ ಸಾಲು ಹಿಡಿದು ಓಡಾಡುತ್ತದೆ. ಬೆಕ್ಕು ಮನೆಗಳ ಕಡೆಯಿಂದ, ನಾಯಿ ದಾರಿಯ ಕಡೆಯಿಂದ ಬರುತ್ತದೆ. ಉಡ ಪೊದೆಸಾಲು ಬಿಟ್ಟು ಬಹಳ ದೂರ ಬರುವುದು ಕಡಿಮೆ. ಇವೆಲ್ಲ ಅಂಚಿನ ಪ್ರಾಣಿಗಳು. ಹೀಗಾಗಿ ಹುಲ್ಲುಗಾವಲಿನ ಅಂಚಿನ ಪಟ್ಟಿಯಲ್ಲಿ ಗೂಡು ಹೋಗುವ ಸಂಭವ ಹೆಚ್ಚು.

ಅಂಚಿನ ಪಟ್ಟಿ 100 ಮೀಟರ್ ಎಂದು ಲೆಕ್ಕಕ್ಕೆ ಹಿಡಿಯಿರಿ. 100 ಹೆಕ್ಟೇರಿನ ಚೌಕ ಗೋಮಾಳದ ಒಂದು ಬದಿ 1 ಕಿಲೋಮೀಟರ್. ಸುತ್ತಲಿನ ಪಟ್ಟಿ ಕಳೆದರೆ ಒಳಗೆ 800 ಮೀಟರ್ ಬದಿಯ ಚೌಕ, ಅಂದರೆ 64 ಹೆಕ್ಟೇರ್ ಉಳಿಯುತ್ತದೆ. 10 ಹೆಕ್ಟೇರಿನ ಚೌಕದ ಬದಿ ಸುಮಾರು 316 ಮೀಟರ್. ಪಟ್ಟಿ ಕಳೆದರೆ ಉಳಿಯುವುದು 116 ಮೀಟರ್ ಬದಿ, ಒಂದೂಕಾಲು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು. ಅದೇ 10 ಹೆಕ್ಟೇರ್ 200 ಮೀಟರ್ ಅಗಲ, 500 ಮೀಟರ್ ಉದ್ದದ ಪಟ್ಟಿಯಾಗಿದ್ದರೆ ಒಳನೆಲ ಸೊನ್ನೆ. ಪಹಣಿಯಲ್ಲಿ ಎರಡೂ 10 ಹೆಕ್ಟೇರೇ. ಹಕ್ಕಿಯ ಲೆಕ್ಕದಲ್ಲಿ ಒಂದು ಮನೆ, ಇನ್ನೊಂದು ಬೀದಿ.

ದೊಡ್ಡ ಗೋಮಾಳದ ನಡುವೆ ಒಂದು ರಸ್ತೆ ಎಳೆದರೆ ಹೋಗುವುದು ರಸ್ತೆಯ ಅಗಲದಷ್ಟು ನೆಲ ಮಾತ್ರ ಎಂದು ವಾದಿಸುವವರಿದ್ದಾರೆ. ಮೇಲಿನ 100 ಹೆಕ್ಟೇರಿನ ಚೌಕವನ್ನು ನಡುವೆ ಸೀಳಿ ನೋಡಿ. 500 ಮೀಟರ್ ಅಗಲದ ಎರಡು ತುಂಡು, ಒಂದೊಂದರಲ್ಲೂ 300ಕ್ಕೆ 800 ಮೀಟರ್ ಒಳನೆಲ, ಒಟ್ಟು 48 ಹೆಕ್ಟೇರ್. ರಸ್ತೆ ನುಂಗಿದ್ದು ಒಂದು ಹೆಕ್ಟೇರಿನ ಆಸುಪಾಸು, ಒಳನೆಲದಲ್ಲಿ ಕಳೆದುಹೋದದ್ದು 16. ರಸ್ತೆ ಬಂದ ಮೇಲೆ ವಿದ್ಯುತ್ ಕಂಬ ಬರುತ್ತದೆ, ಕಂಬದ ಮೇಲೆ ಕಾಗೆ ಬರುತ್ತದೆ, ರಸ್ತೆಬದಿಗೆ ಕೋಳಿ ಫಾರಂನ ಸತ್ತ ಕೋಳಿಗಳ ಚೀಲ ಬರುತ್ತದೆ, ಚೀಲಕ್ಕೆ ನಾಯಿ ಬರುತ್ತದೆ. ನಾಯಿಗೆ ಗೂಡಿನ ಮೊಟ್ಟೆ ಮುಖ್ಯ ಆಹಾರವಲ್ಲ. ಅದು ಬದುಕುವುದು ಕಸದ ಮೇಲೆ, ಮೊಟ್ಟೆ ಅದಕ್ಕೆ ಬಾಯಾಡಿಸುವ ತಿಂಡಿ. ತೊಂದರೆಯೇ ಅದು. ಕಾಡುಪ್ರಾಣಿಯಾದರೆ ಬೇಟೆ ಕಡಿಮೆಯಾದಾಗ ಅದೂ ಕಡಿಮೆಯಾಗುತ್ತದೆ. ಕಸ ತಿಂದು ಬದುಕುವ ನಾಯಿ ಕೊನೆಯ ಗೂಡು ಖಾಲಿಯಾಗುವವರೆಗೂ ಅಲ್ಲೇ ಇರುತ್ತದೆ.

ಹೊಲದ ಬದುಗಳ ವಿಷಯವೂ ಇದೇ. ಸುತ್ತ ಎಲ್ಲ ಉತ್ತು ಹಸನಾದಾಗ ಬದುವಿನ ಹುಲ್ಲೊಂದೇ ಮರೆ. ಗೌಜಲಕ್ಕಿ, ಉಲಿಯಕ್ಕಿ ಎಲ್ಲ ಅಲ್ಲಿಗೇ ಬಂದು ಕಟ್ಟುತ್ತವೆ. ನೋಡಿದವರು "ಬದುವಿನಲ್ಲಿ ಹಕ್ಕಿ ಹೆಚ್ಚಿದೆ" ಎಂದು ಸಂತೋಷಪಡುತ್ತಾರೆ. ಬದು ಮುಂಗುಸಿಯ ಹೆದ್ದಾರಿ ಎನ್ನುವುದನ್ನು ಮರೆಯುತ್ತಾರೆ. ಗೂಡುಗಳ ಸಂಖ್ಯೆ ಹೆಚ್ಚಿದ್ದು ಮರಿಗಳ ಸಂಖ್ಯೆ ಕಡಿಮೆ ಇದ್ದರೆ ಆ ಜಾಗ ಆಸರೆಯಲ್ಲ, ಬೋನು. ಬದು ಮೂರಡಿಯ ಬದಲು ಹದಿನೈದು ಇಪ್ಪತ್ತು ಅಡಿ ಅಗಲವಿದ್ದರೆ ಹುಡುಕುವ ಪ್ರಾಣಿಗೆ ಕಷ್ಟ ಹೆಚ್ಚುತ್ತದೆ. ಆದರೆ ಈ ಕಾಲದಲ್ಲಿ ಅಷ್ಟು ನೆಲ ಬಿಡು ಎಂದು ರೈತನಿಗೆ ಹೇಳುವ ಬಾಯಿ ನಮಗಿಲ್ಲ.

ಗಿಡ ನೆಡುವವರಿಗೆ ಒಂದು ಮಾತು

ಬಯಲುಸೀಮೆಯ ಹುಲ್ಲುನೆಲಕ್ಕೆ ಅತಿ ಹೆಚ್ಚು ಹಾನಿ ಮಾಡಿರುವುದು ಒಳ್ಳೆಯ ಮನಸ್ಸಿನಿಂದ ನೆಟ್ಟ ಗಿಡ. ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ಖರಾಬು, ಬಂಜರು ಎಂಬ ಹೆಸರಿನಲ್ಲಿದೆ. ಹೆಸರು ಹಾಗಿದ್ದರೆ ಯಾರಿಗಾದರೂ ಅದನ್ನು "ಹಸಿರು" ಮಾಡುವ ಆಸೆ ಬರುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, ಒಟ್ಟು 119 ಚದರ ಕಿಲೋಮೀಟರ್. ಕುರುಚಲು ಮತ್ತು ಹುಲ್ಲಿನ ಆ ನೆಲದ ಬಹುಭಾಗದಲ್ಲಿ ನೀಲಗಿರಿ ನಿಂತಿದೆ. ಒಂದು ಕಾಲಕ್ಕೆ ಎರ್ಲಡ್ಡು ಓಡಾಡಿದ ಜಾಗ ಅದು. ಅಭಯಾರಣ್ಯ ಎಂಬ ಬೋರ್ಡು ಇದೆ, ಎರ್ಲಡ್ಡು ಇಲ್ಲ.

ನೀಲಗಿರಿ ಅಡಿಯ ನೆರಳಿನಲ್ಲಿ ಹುಲ್ಲು ಸೊರಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ನೆಡುತೋಪಿನ ಪೆಟ್ಟು ತೋಪಿನ ಬೇಲಿಗೆ ನಿಲ್ಲುವುದಿಲ್ಲ. ಬಯಲಿನ ಹಕ್ಕಿಗಳು ಎತ್ತರದ ಮರಸಾಲಿನಿಂದ ದೂರ ಸರಿದೇ ಗೂಡು ಮಾಡುತ್ತವೆ. ಮರ ಎಂದರೆ ಗಿಡುಗ, ಕಾಗೆ ಕೂರುವ ಜಾಗ ಎಂಬುದು ಅವುಗಳ ರಕ್ತದಲ್ಲೇ ಇದೆ. ಒಂದು ಸಾಲು ಮರ ನೆಟ್ಟರೆ ಅದರ ಎರಡೂ ಬದಿಯ ಹುಲ್ಲು ಕಣ್ಣಿಗೆ ಹಾಗೇ ಕಾಣುತ್ತದೆ, ಗೂಡಿನ ಲೆಕ್ಕದಲ್ಲಿ ಖಾಲಿಯಾಗುತ್ತದೆ. ಬಳ್ಳಾರಿ ಜಾಲಿ ಇನ್ನೂ ಕೆಟ್ಟದ್ದು. ಅದನ್ನು ಯಾರೂ ನೆಡಬೇಕಿಲ್ಲ. ದನ, ಆಡು ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡುತ್ತವೆ. ಮೊದಲ ಎರಡು ಮೂರು ವರ್ಷ ಬೇರುಸಮೇತ ಕೀಳಬಹುದು. ಬಿಟ್ಟರೆ ಕಡಿದಷ್ಟೂ ಬುಡದಿಂದ ಕವಲೊಡೆಯುತ್ತದೆ. ಕಡಿಯುವುದಾದರೆ ನೆಲಮಟ್ಟದಲ್ಲಲ್ಲ, ಬುಡದ ಗಂಟು ಸಹಿತ ಒಂದಡಿ ಆಳಕ್ಕೆ ಅಗೆದು ತೆಗೆಯಬೇಕು. ಅದೂ ಮಳೆಯ ನಂತರ, ಮಣ್ಣು ಮೆದುವಿದ್ದಾಗ.

ನೀರು ಇಂಗಿಸುವ ಟ್ರೆಂಚುಗಳ ಬಗ್ಗೆಯೂ ಹೇಳಬೇಕು. ಟಿಟ್ಟಿಭ, ಚಿಟವ, ಕಲ್ಲುಗೊರವಗಳ ಮರಿಗಳು ಮೊಟ್ಟೆಯೊಡೆದ ದಿನವೇ ಓಡಾಡಲು ಶುರುಮಾಡುತ್ತವೆ, ಹಾರಲು ವಾರಗಳೇ ಬೇಕು. ನೇರ ಗೋಡೆಯ ಗುಂಡಿಗೆ ಬಿದ್ದ ಮರಿ ಹತ್ತಿ ಬರುವುದಿಲ್ಲ. ಟ್ರೆಂಚು ತೋಡಲೇಬೇಕಾದರೆ ಎರಡು ತುದಿಯಲ್ಲೂ ಗೋಡೆಯನ್ನು ಇಳಿಜಾರಾಗಿ ಕೆತ್ತಿ ಬಿಡಿ, ಒಂದಡಿ ಆಳಕ್ಕೆ ಎರಡಡಿ ಉದ್ದದ ಇಳಿಜಾರು. ಜೆಸಿಬಿಯವನಿಗೆ ಅದು ಎರಡು ನಿಮಿಷದ ಕೆಲಸ. ಟೆಂಡರಿನಲ್ಲಿ ಬರೆದಿಲ್ಲವಾದ್ದರಿಂದ ಯಾರೂ ಮಾಡುವುದಿಲ್ಲ.

ಕಾವಲುಗಳು

ನಮ್ಮ ರಾಜ್ಯದಲ್ಲಿ ದೊಡ್ಡ ಹುಲ್ಲುನೆಲ ಉಳಿದಿದ್ದರೆ ಅದಕ್ಕೆ ಬಹುಮಟ್ಟಿಗೆ ಅಮೃತಮಹಲ್ ದನಗಳೇ ಕಾರಣ. ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಕಾವಲುಗಳು ಆ ತಳಿಗೆ ಮೀಸಲಿಟ್ಟ ಮೇವಿನ ನೆಲ. ಬೀರೂರು–ಕಡೂರು ಕಡೆಯ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು, 7.36 ಚದರ ಕಿಲೋಮೀಟರ್. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು 798 ಎಕರೆ. ಇನ್ನೊಂದು ಕಡೆ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣಾ, ಬಾಹ್ಯಾಕಾಶ, ಪರಮಾಣು ಸಂಸ್ಥೆಗಳಿಗೆ ಹಂಚಿಹೋಯಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ 5,678 ಎಕರೆಯನ್ನು ಮೀಸಲು ಮಾಡುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ, ವರ್ಷಗಟ್ಟಲೆ ಎಳೆದಾಟ ಆದಮೇಲೆ.

ಕಾವಲು ಕಲಿಸುವ ಪಾಠ ಮೇವಿನದು. ದನ ಪೂರ್ತಿ ನಿಲ್ಲಿಸಿ ಬೇಲಿ ಹಾಕಿದರೆ ಹಕ್ಕಿಗೆ ಒಳ್ಳೆಯದು ಎಂಬ ನಂಬಿಕೆ ಇದೆ. ಬೇಲಿ ಹಾಕಿದ ಮೊದಲ ಮಳೆಗಾಲ ಹುಲ್ಲು ಸೊಂಪಾಗಿ ಬರುತ್ತದೆ, ಸಿಸ್ಟಿಕೋಲ, ಲಾವುಗೆ ಹೆಚ್ಚುತ್ತವೆ. ಮೂರು ನಾಲ್ಕು ವರ್ಷದಲ್ಲಿ ಹಳೆಯ ಕರಡ ಒಣಗಿ ಮಲಗಿ ಚಾಪೆಯಾಗುತ್ತದೆ. ಹೊಸ ಮೊಳಕೆಗೆ ಬೆಳಕಿಲ್ಲ, ನೆಲಗುಬ್ಬಿಗೆ ಓಡಾಡಲು ಜಾಗವಿಲ್ಲ. ಆ ಚಾಪೆಯ ನಡುವೆ ಲಂಟಾನ ತಲೆ ಎತ್ತುತ್ತದೆ. ಟಿಟ್ಟಿಭ ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತದೆ. ಅದೇ ವರ್ಷವಿಡೀ ಕುರಿಮಂದೆ ಬಿಟ್ಟರೆ ಹುಲ್ಲುಬುಡವೇ ಉಳಿಯುವುದಿಲ್ಲ, ಗೊರಸಿಗೆ ಸಿಕ್ಕ ಗೂಡು ಪುಡಿ. ನಡುವಿನ ದಾರಿ ಎಂದರೆ ಸರದಿ. ಕಾವಲನ್ನು ನಾಲ್ಕು ಭಾಗ ಮಾಡಿ, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಒಂದು ಭಾಗಕ್ಕೆ ಮಂದೆಯೇ ಬೇಡ, ಎರಡು ಭಾಗಕ್ಕೆ ಹಗುರ ಮೇವು, ಒಂದು ಭಾಗ ಗಟ್ಟಿಯಾಗಿ ಮೇಯಲಿ. ಮರುವರ್ಷ ಸರದಿ ಬದಲಾಗಲಿ. ಮಂದೆಯನ್ನು ರಾತ್ರಿ ತಂಗಿಸುವ ಜಾಗ ಮಾತ್ರ ಯಾವಾಗಲೂ ಅಂಚಿನಲ್ಲೇ ಇರಲಿ, ನಡುವೆ ಬೇಡ. ಕುರಿಗಾಹಿಗಳ ಜೊತೆ ಕೂತು ಮಾತಾಡದೆ ಕಾಗದದಲ್ಲಿ ಸರದಿ ಬರೆದರೆ ಅದು ಕಾಗದದಲ್ಲೇ ಉಳಿಯುತ್ತದೆ. ಗೂಡು ಎಲ್ಲಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದೂ ಅವರಿಗೇ.

ಬೆಂಕಿಯೂ ಹಾಗೆ. ಚಿಗುರು ಬರಲಿ ಎಂದು ಏಪ್ರಿಲ್–ಮೇನಲ್ಲಿ ಹಚ್ಚುವ ಬೆಂಕಿ ಗೂಡುಗಳ ನಟ್ಟನಡುವಿನ ಬೆಂಕಿ. ಸುಡಲೇಬೇಕಾದರೆ ಜನವರಿಯೊಳಗೆ, ಇಲಾಖೆಯ ಅನುಮತಿ ಮತ್ತು ಬೆಂಕಿರೇಖೆ ಸಹಿತ, ತೇಪೆ ತೇಪೆಯಾಗಿ, ಒಂದು ವರ್ಷಕ್ಕೆ ಕಾಲುಭಾಗ ಮೀರದಂತೆ. ಹುಲ್ಲು ಕೊಯ್ಲು ನಮ್ಮಲ್ಲಿ ಬಹುತೇಕ ಮಳೆ ಮುಗಿದ ಮೇಲೆ ನಡೆಯುವುದರಿಂದ ಅಷ್ಟು ತೊಂದರೆಯಿಲ್ಲ. ಯಂತ್ರದಿಂದ ಕೊಯ್ಯುವವರು ಮಾತ್ರ ಹೊರಗಿನಿಂದ ಒಳಕ್ಕೆ ಸುತ್ತು ಹಾಕಬಾರದು; ಓಡಲಾರದ ಮರಿಗಳೆಲ್ಲ ನಡುವಿಗೆ ಸೇರಿ ಕೊನೆಯ ಸುತ್ತಿಗೆ ಸಿಗುತ್ತವೆ. ನಡುವಿನಿಂದ ಹೊರಕ್ಕೆ ಕೊಯ್ದರೆ ಓಡಿಹೋಗಲು ದಾರಿ ಇರುತ್ತದೆ.

ಸಿರುಗುಪ್ಪದ ಎರೆನೆಲ

ಉತ್ತರ ಕರ್ನಾಟಕದವರು ಎರೆಭೂತ ಎಂದೂ ಕರೆಯುವ ಎರ್ಲಡ್ಡು ರಾಜ್ಯದಲ್ಲಿ ಈಗ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ, ಬೆರಳೆಣಿಕೆಯಷ್ಟು. ದೇಶದಲ್ಲೇ 150ರ ಒಳಗೆ. ಗೂಡಿನ ಜಾಗವಷ್ಟೇ ಅಲ್ಲ, ಸುತ್ತಲಿನ ಇಡೀ ನೆಲವನ್ನು, ಅಂದರೆ ಭೂದೃಶ್ಯವನ್ನು, ಯಾಕೆ ನೋಡಬೇಕು ಎಂದು ಕೇಳುವವರಿಗೆ ಈ ಹಕ್ಕಿಯೇ ಉತ್ತರ. ಒಂದು ಸಲಕ್ಕೆ ಒಂದೇ ಮೊಟ್ಟೆ, ಹೆಣ್ಣೊಂದೇ ಸುಮಾರು 27 ದಿನ ಕಾವು ಕೂರುತ್ತದೆ, ಮರಿ ತಿಂಗಳುಗಟ್ಟಲೆ ತಾಯಿಯ ಜೊತೆಗಿರುತ್ತದೆ. ಮೊಟ್ಟೆ ಇಡುವುದು ಹುಲ್ಲಿನಲ್ಲಿ ಅಥವಾ ಪಾಳುಬಿಟ್ಟ ನೆಲದಲ್ಲಿ. ಮೇಯುವುದು ಮಳೆಯಾಶ್ರಿತ ಜೋಳ, ಕಡಲೆ ಹೊಲಗಳಲ್ಲಿ, ಮಿಡತೆಗಾಗಿ. ಹುಲ್ಲು ಮಾತ್ರ ಉಳಿಸಿ ಸುತ್ತಲಿನ ಒಣಬೇಸಾಯ ಹೋಗಿ ನೀರಾವರಿ ಬತ್ತ ಬಂದರೆ ಅರ್ಧ ಮನೆ ಹೋದಂತೆ. ಹಕ್ಕಿಯ ಕಣ್ಣು ಪಕ್ಕಕ್ಕೆ ಅಗಲವಾಗಿ ಕಾಣುತ್ತದೆ, ಹಾರುವಾಗ ನೇರ ಮುಂದೆ ಕಾಣುವುದು ಕಡಿಮೆ; ಮೈಭಾರ ಹೆಚ್ಚು, ಗಕ್ಕನೆ ತಿರುಗಲಾಗುವುದಿಲ್ಲ. ಹಾಗಾಗಿ ಗೂಡು ಮತ್ತು ಹೊಲದ ನಡುವೆ ಹಾದ ಹೈಟೆನ್ಷನ್ ತಂತಿ ಗೂಡಿನಿಂದ ಮೈಲಿ ದೂರದಲ್ಲಿದ್ದರೂ ಗೂಡನ್ನೇ ಕೊಂದ ಹಾಗೆ. ತಾಯಿ ತಂತಿಗೆ ಬಡಿದು ಬಿದ್ದರೆ ಮರಿಯನ್ನು ಸಾಕಲು ಇನ್ಯಾರೂ ಇಲ್ಲ.

ನೋಡುವವರು ನೋಡಬೇಕಾದ ರೀತಿ

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ ಹಾಳುಮಾಡುವುದು, ಗೂಡು ಅಥವಾ ಮೊಟ್ಟೆಗೆ ಅಡಚಣೆ ಮಾಡುವುದೂ ಸೇರುತ್ತದೆ. ಅಧ್ಯಯನವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಮಾಡಬೇಕು.

ಗೂಡಿಗೆ ನೇರ ನಡೆದು ಹೋಗಿ ಅದೇ ದಾರಿಯಲ್ಲಿ ಹಿಂತಿರುಗಬಾರದು. ನಿಮ್ಮ ಹೆಜ್ಜೆಯ ವಾಸನೆ ಗೂಡಿನಲ್ಲಿ ಕೊನೆಗೊಂಡರೆ ಮುಂಗುಸಿಗೆ ಅದು ಬಾಣದ ಗುರುತು. ಗೂಡಿನ ಪಕ್ಕ ಐದಾರು ಅಡಿ ಬಿಟ್ಟು, ನಿಲ್ಲದೆ ನೋಡಿಕೊಂಡು ಮುಂದೆ ಸಾಗಿ. ಗುರುತಿಗೆ ಬಣ್ಣದ ಬಟ್ಟೆ, ಕೋಲು ಬೇಡ, ಕಾಗೆ ಅದನ್ನು ಬೇಗ ಕಲಿಯುತ್ತದೆ. ಜಿಪಿಎಸ್ ಅಂಕಿ ಮತ್ತು ಹತ್ತು ಮೀಟರ್ ಆಚೆ ಅಲ್ಲಿಯದೇ ಒಂದು ಕಲ್ಲು ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ನೋಡಿದರೆ ಸಾಕು. ಕಾಗೆ ಮೇಲೆ ಸುತ್ತುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಹುಲ್ಲಿನ ಮರೆ ಅಳೆಯಲು ಹಳೆಯ, ಸರಳ ಉಪಕರಣ ರೋಬೆಲ್ ಕೋಲು, 1970ರಿಂದ ಅಮೆರಿಕದ ಪ್ರೇರಿ ಹುಲ್ಲುಗಾವಲುಗಳಲ್ಲಿ ಬಳಕೆಯಲ್ಲಿದೆ. ಒಂದೂವರೆ ಮೀಟರ್ ಪಿವಿಸಿ ಪೈಪಿಗೆ ಬಿಳಿ ಕೆಂಪು ಪಟ್ಟೆ ಬಳಿಯಿರಿ. ನಮ್ಮ ಗಿಡ್ಡ ಹುಲ್ಲಿಗೆ ಪಟ್ಟೆ 5 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಕೋಲು ನಿಲ್ಲಿಸಿ, 4 ಮೀಟರ್ ದೂರದಿಂದ, ನೆಲದಿಂದ 1 ಮೀಟರ್ ಎತ್ತರದಲ್ಲಿ ಕಣ್ಣಿಟ್ಟು, ಪೂರ್ತಿ ಮುಚ್ಚಿರುವ ಅತಿ ಮೇಲಿನ ಪಟ್ಟೆ ಯಾವುದೆಂದು ನಾಲ್ಕು ದಿಕ್ಕಿನಿಂದ ಓದಿ, ಸರಾಸರಿ ತೆಗೆಯಿರಿ. ಜೊತೆಗೆ ಅರ್ಧ ಮೀಟರ್ ಬದಿಯ ಚೌಕಟ್ಟು ಇಟ್ಟು ಬರಿನೆಲ, ಹುಲ್ಲು, ಕಲ್ಲು, ಒಣಕಸ ಶೇಕಡಾ ಎಷ್ಟು ಎಂದು ಬರೆಯಿರಿ. ಈ ಅಳತೆಗಳನ್ನು ಮರಿ ಹೋದಮೇಲೆ ಅಥವಾ ಗೂಡು ಹಾಳಾದ ಮೇಲಷ್ಟೇ ಮಾಡಬೇಕು. ಗೂಡಿನಲ್ಲೊಂದು ಅಳತೆ, 50 ಮೀಟರ್ ಆಚೆ ಚೀಟಿ ಎತ್ತಿದ ದಿಕ್ಕಿನಲ್ಲಿ ಇನ್ನೊಂದು. ಎರಡನೆಯದಿಲ್ಲದಿದ್ದರೆ ಹಕ್ಕಿ ಆ ಜಾಗವನ್ನು ಆರಿಸಿತೋ, ಇಡೀ ಬಯಲೇ ಹಾಗಿದೆಯೋ ತಿಳಿಯುವುದಿಲ್ಲ.

ಆಮೇಲೆ ಉಪಗ್ರಹ ಚಿತ್ರ ತೆರೆದು ಗೂಡಿನ ಸುತ್ತ 500 ಮೀಟರ್, 1 ಕಿಲೋಮೀಟರ್, 2 ಕಿಲೋಮೀಟರ್ ವೃತ್ತ ಎಳೆಯಿರಿ. ಹುಲ್ಲು, ಉಳುವ ಹೊಲ, ನೆಡುತೋಪು, ಮನೆ ಎಷ್ಟೆಷ್ಟು ಎಂದು ಅಂದಾಜು ಮಾಡಿ. ಹತ್ತಿರದ ಮರ, ಕಂಬ, ರಸ್ತೆ, ನೀರು, ಕಸದ ಗುಂಡಿ ಎಷ್ಟು ದೂರ ಎಂದು ಬರೆದುಕೊಳ್ಳಿ. ಕಸದ ಗುಂಡಿಯನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಯಶಸ್ಸಿನ ಲೆಕ್ಕದಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. 10 ಗೂಡು ಸಿಕ್ಕಿ ಅದರಲ್ಲಿ 4 ಗೆದ್ದರೆ ಶೇಕಡಾ 40 ಎಂದು ಬರೆಯುತ್ತಾರೆ. ಆದರೆ ಮೊದಲ ವಾರದಲ್ಲೇ ಹಾಳಾದ ಎಷ್ಟೋ ಗೂಡು ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ. ಅಮೆರಿಕದ ಪಕ್ಷಿತಜ್ಞ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಇದಕ್ಕೊಂದು ಉಪಾಯ ಹೇಳಿದ: ಗೂಡನ್ನು ಎಣಿಸಬೇಡಿ, ದಿನಗಳನ್ನು ಎಣಿಸಿ. ಆ 10 ಗೂಡುಗಳನ್ನು ಒಟ್ಟು ಸೇರಿಸಿ 120 ಗೂಡುದಿನ (ಒಂದು ಗೂಡನ್ನು ಒಂದು ದಿನ ಗಮನಿಸಿದರೆ ಒಂದು ಗೂಡುದಿನ) ನೋಡಿದ್ದೀರಿ, 6 ಹಾಳಾದವು ಎಂದಿಟ್ಟುಕೊಳ್ಳಿ. ದಿನದ ನಷ್ಟ 6 ಭಾಗ 120, ಅಂದರೆ 0.05. ಒಂದು ದಿನ ಉಳಿಯುವ ಸಂಭವ 0.95. ಟಿಟ್ಟಿಭದ ಕಾವು ಸುಮಾರು 28 ದಿನ, 0.95ನ್ನು 28 ಸಲ ಗುಣಿಸಿದರೆ 0.24. ನಿಜವಾದ ಯಶಸ್ಸು ಶೇಕಡಾ 24, 40 ಅಲ್ಲ. ದಿನದ ನಷ್ಟವನ್ನು ಅರ್ಧಕ್ಕೆ, 0.025ಕ್ಕೆ ಇಳಿಸಿದರೆ ಅದೇ ಲೆಕ್ಕ ಶೇಕಡಾ 49 ಕೊಡುತ್ತದೆ. ರಸ್ತೆಬದಿಯ ಸತ್ತ ಕೋಳಿ ಚೀಲ ನಿಲ್ಲಿಸುವುದು ಯಾಕೆ ಮುಖ್ಯ ಎಂದು ಪಂಚಾಯಿತಿಯಲ್ಲಿ ಹೇಳಲು ಈ ಎರಡು ಅಂಕಿ ಸಾಕು.

ಹೊಲದವರಿಗೆ

ಟಿಟ್ಟಿಭದ ಎಷ್ಟೋ ಗೂಡು ಗೋಮಾಳದಲ್ಲಿ ಇರುವುದಿಲ್ಲ, ಬೇಸಿಗೆಯ ಪಾಳುಹೊಲದಲ್ಲಿರುತ್ತದೆ. ಮೇ ಕೊನೆಗೆ ಮುಂಗಾರಿನ ಹದ ಸಿಕ್ಕ ಕೂಡಲೇ ಹರಗಲು ಶುರು. ಎತ್ತಿನ ಹಿಂದೆ ನಡೆಯುವವನ ಕಣ್ಣಿಗೆ ಹಕ್ಕಿ ಏಳುವುದು ಕಾಣುತ್ತದೆ, ರಂಟೆ ಎತ್ತಿ ದಾಟಿಸುತ್ತಾನೆ. ಟ್ರ್ಯಾಕ್ಟರಿನ ಸೀಟಿನಿಂದ, ರೋಟವೇಟರಿನ ಸದ್ದಿನಲ್ಲಿ, ಏನೂ ಕಾಣುವುದಿಲ್ಲ. ಉಳುವ ಹಿಂದಿನ ಸಂಜೆ ಹೊಲದಲ್ಲಿ ಒಂದು ಸುತ್ತು ನಡೆದರೆ ಕೂಗುತ್ತಾ ತಲೆಯ ಮೇಲೆ ಎರಗುವ ಹಕ್ಕಿಯೇ ಗೂಡಿದೆ ಎಂದು ಹೇಳುತ್ತದೆ. ದೂರ ಸರಿದು ಕುಳಿತು ಹತ್ತು ಹದಿನೈದು ನಿಮಿಷ ಕಾದರೆ ಮೊಟ್ಟೆಯ ಮೇಲೆ ಹೋಗಿ ಕೂರುತ್ತದೆ. ಅಲ್ಲಿಂದ ಎಲ್ಲ ಕಡೆಗೂ ಮೂರು ಹೆಜ್ಜೆ ಬಿಟ್ಟು ಉಳುವಂತೆ ಡ್ರೈವರಿಗೆ ತೋರಿಸಿ. ಎರಡು ಗುರುತಿನ ಕಲ್ಲನ್ನು ಉಳುವ ಸಾಲಿನ ಆಚೀಚೆ ಇಡಿ, ಗೂಡಿನ ಪಕ್ಕದಲ್ಲಲ್ಲ. ಮೊಟ್ಟೆಯನ್ನು ಎತ್ತಿ ಬದುವಿಗೆ ಇಡುವ ಉಪಕಾರ ಬೇಡ, ಹಕ್ಕಿ ಅಲ್ಲಿಗೆ ಬರುವುದಿಲ್ಲ. ಬಿಟ್ಟ ನೆಲ ಒಂದು ಕೋಣೆಯಷ್ಟೇ. ಮರಿ ಹೊರಟ ಮೇಲೆ ಅದನ್ನೂ ಹರಗಿ ತಡವಾಗಿ ಹುರುಳಿಯೋ ಅಲಸಂದೆಯೋ ಎಸೆಯಬಹುದು.